ಫ್ರಿಜ್ಜಿನಷ್ಟು ಕರೆಂಟು

ಏಪ್ರಿಲ್ 8, ಮಂಗಳವಾರ, ಸಂಜೆ

ಮತ್ತೆ ವೈರಿನ ಜಗಳ. ಮೇಲಿನ ಕಿಟಕಿಯಿಂದ ಬೀದಿಗೆ ಎಕ್ಸ್‌ಟೆನ್ಷನ್ ಇಳಿಬಿಟ್ಟು ಕಾರು ಚಾರ್ಜ್ ಮಾಡೋದು ಎಷ್ಟು ದಿನ ನಡೀತದೆ? ಯಾರದೋ ಸ್ಕೂಟರಿಗೆ ಸಿಕ್ಕಿ ಪ್ಲಗ್ ಕಿತ್ತು ಬಂದಿತ್ತು. ಬೆಳಗಿನ ತನಕ ನೋಡಲೇ ಇಲ್ಲ. ಅರ್ಧ ಚಾರ್ಜಿನಲ್ಲೇ ಚಿತ್ರದುರ್ಗದಿಂದ ಹೊರಟೆ.

ಜಮೀರ್ ಅಂಗಡಿಯಿಂದಲೇ ಫೋನಲ್ಲಿ ಗೊಣಗಿದರು. "ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋದೇ ಬೇಡ ಅಂದಿದ್ದೆ, ಯಾಸ್ಮಿನ್." ನಮ್ಮ ಯಜಮಾನರಿಗೇನು, ಮಂಚ ಬೀರು ಮಾರೋರು, ಗಿರಾಕಿ ತಾನಾಗಿ ಬರ್ತಾರೆ. ಊರೂರಿಗೆ ಹೋಗಿ ಫಿಸಿಯೋಥೆರಪಿ ಮಾಡೋಳು ಬಸ್ಸಿಗೆ ಕಾಯ್ತಾ ಕೂತರೆ ಆಗತ್ತಾ?

ಜವನಗೊಂಡನಹಳ್ಳಿ. ತಿಮ್ಮರಾಯಪ್ಪ ಸ್ಟ್ರೋಕ್ ಆದ ಮೇಲೆ ಇವತ್ತು ಮೊದಲ ಸಲ ಬಲಗೈಲಿ ಚೊಂಬು ಎತ್ತಿದರು. ಸೊಸೆ ಅತ್ತುಬಿಟ್ಟಳು. ಅವರ ಮನೆಯಲ್ಲಿ ಕರೆಂಟ್ ಇರಲಿಲ್ಲ. ಹೈವೇ ಚಾರ್ಜರ್ ಕೆಟ್ಟು ಕೂತಿತ್ತು. ಕಾರಿನಲ್ಲಿ ಹನ್ನೊಂದು ಪರ್ಸೆಂಟ್. ಮ್ಯಾಪ್ ತೆಗೆದರೆ ಹಳೇ ಓನರ್ ಸೇವ್ ಮಾಡಿದ್ದ ಒಂದು ಜಾಗ, ಪಕ್ಕದಲ್ಲೇ. ಹೆಸರು 'ಮನೆ'. ಚಾರ್ಜರ್ ಗುರುತೂ ಇತ್ತು.

ಹೋದೆ. ಊರಾಚೆ ಒಂಟಿ ಮನೆ. ಗೇಟು ತೆರೆದಿದೆ, ಬಾಗಿಲಿಗೆ ಬೀಗ. ತಾರಸಿ ತುಂಬಾ ಸೋಲಾರ್. ಶೆಡ್ಡಿನ ಗೋಡೆಗೆ ಚಾರ್ಜರ್, ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಬ್ಯಾಟರಿ. ಸಣ್ಣಗೆ ಗುಂಯ್ ಅನ್ನುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳೇ ಓನರ್ ಬಿಟ್ಟಿದ್ದ ಚಾರ್ಜಿಂಗ್ ಕಾರ್ಡ್ ಬಿದ್ದಿತ್ತಲ್ಲ… ಸುಮ್ಮನೆ ಮುಟ್ಟಿಸಿದೆ. ಹಸಿರು ದೀಪ. ಕಾರನ್ನು ಗುರುತು ಹಿಡಿದ ಹಾಗೆ.

ಪಕ್ಕದ ಹೊಲದಿಂದ ವಯಸ್ಸಾದ ಹೆಂಗಸು ಬಂದರು. ಬೈತಾರೆ ಅಂದುಕೊಂಡೆ. ಓಬಮ್ಮ ಅಂತೆ.

"ಹಾಕ್ಕಳ್ರಿ ಹಾಕ್ಕಳ್ರಿ. ಓನರ್ರು ಹೊಸದುರ್ಗದಾಗವ್ರೆ. ಬಿಸ್ಲು ಸುಮ್ನೆ ಬೀಳ್ತೈತೆ, ಬ್ಯಾಟ್ರಿ ತುಂಬಿ ಕುಂತೈತೆ."

"ಮನೇಲಿ ಯಾರೂ ಇಲ್ವಾ?"

"ಯಾರೂ ಇಲ್ಲ. ಬರೋ ಮಂಗಳವಾರನೂ ಬರ್ರಿ."

ನಾನು ಕೇಳಿರಲಿಲ್ಲ. ಅವರೇ ಕರೆದರು.

ಏಪ್ರಿಲ್ 15, ಮಂಗಳವಾರ

ಹೋದೆ ಮತ್ತೆ. ಹೇಗೂ ತಿಮ್ಮರಾಯಪ್ಪನ ಮನೆಗೆ ಹೋಗೋ ದಾರಿ.

ಮಧ್ಯಾಹ್ನದ ಬಿಸಿಲು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಂತುಬಿಟ್ಟಿದ್ದವು. ಒಂದು ಎಲೆ ಅಲ್ಲಾಡಲ್ಲ. ಕಾರಿನಲ್ಲಿ ಕೂತು ಊಟದ ಡಬ್ಬಿ ತೆಗೆದೆ.

ಮನೆಯೊಳಗೆ ಹಾಡು. ಅಲ್ಲ, ಟ್ಯೂನು. ನಮ್ಮ ಮನೆಯಲ್ಲೂ ಅದೇ ಬರೋದು. ವಾಷಿಂಗ್ ಮಷಿನ್ ಬಟ್ಟೆ ಒಗೆದು ಮುಗಿಸಿದಾಗ.

ಬೀಗ ಹಾಕಿದ ಮನೆ.

ಡಬ್ಬಿ ಮುಚ್ಚಿದೆ. ಓಬಮ್ಮನಿಗೆ ಹೇಳಿದರೆ, "ಹೈವೇ ಸದ್ದು ಕಣಮ್ಮ, ಹಿಂಗೇ ಬರ್ತೈತೆ" ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 22, ಮಂಗಳವಾರ

ಒಗ್ಗರಣೆ ವಾಸನೆ. ಸಾಸಿವೆ, ಕರಿಬೇವು. ಓಬಮ್ಮನ ಗುಡಿಸಲು ಅಷ್ಟು ದೂರ. ಗಾಳಿಯೂ ಆ ಕಡೆಯಿಂದಲ್ಲ.

ಆಮೇಲೆ ಮಿಕ್ಸಿ ಓಡಿತು. ಸ್ಪಷ್ಟವಾಗಿ. ಎದ್ದು ಹೋಗಿ ಕಾರಿನ ಚಾರ್ಜರ್ ಗನ್ ಕಿತ್ತೆ. ಮಿಕ್ಸಿ ನಿಂತಿತು. ಅರೆಯೋದು ಅರ್ಧಕ್ಕೇ. ಮತ್ತೆ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಏನೂ ಇಲ್ಲ… ಮತ್ತೆ ಶುರುವಾಯಿತು.

ಕಾರು ಕರೆಂಟು ತಗೊಳ್ಳುವಾಗ ಮಾತ್ರ ಆ ಮನೆ ಎಚ್ಚರ ಆಗ್ತದೆ.

ಭಯಕ್ಕೆ ಓದೋ ಆಯತುಲ್ ಕುರ್ಸಿ ಹೇಳಿಕೊಂಡೇ ಗಾಡಿ ತಿರುಗಿಸಿದೆ. ಗೇಟಿನಲ್ಲಿ ಓಬಮ್ಮ ಅಡ್ಡ ಬಂದು ಕಾರಿನ ಗಾಜಿಗೆ ಕೈ ಇಟ್ಟರು. "ಮಂಗಳವಾರ ತಪ್ಪಿಸ್ಬ್ಯಾಡ್ರಮ್ಮ. ನಿಮ್ ಕಾಲಿಗ್ ಬೀಳ್ತೀನಿ." ಕಣ್ಣು ತುಂಬಿತ್ತು. ಚಾರ್ಜ್ ಹಾಕಿಕೊಳ್ಳಿ ಅಂತ ಯಾರಾದರೂ ಕಾಲಿಗೆ ಬೀಳ್ತಾರಾ?

ಜಮೀರ್‌ಗೆ ಹೇಳಿದೆ. ನಕ್ಕರು. "ಕರೆಂಟ್ ಕೊಡೋ ಜಿನ್ನ್ ಆದ್ರೆ ನಮ್ಮ ಮನೆಗೂ ಕರ್ಕೊಂಡ್ ಬಾ. ವೈರ್ ಇಳಿಬಿಡೋದು ತಪ್ಪತ್ತೆ."

ನನಗೆ ನಗು ಬರಲಿಲ್ಲ.

ಏಪ್ರಿಲ್ 25, ಶುಕ್ರವಾರ

ಗೊತ್ತಿಲ್ಲದ ನಂಬರ್. ಮೆತ್ತಗಿನ ದನಿ.

"ನಮಸ್ಕಾರ ಮೇಡಮ್. ಬಸವೇಶ್ ಅಂತ, ಹೊಸದುರ್ಗದಿಂದ. ನಿಮ್ಮ ಬಿಳೀ ಕಾರು ಮೊದ್ಲು ನಮ್ದಾಗಿತ್ತು. ಮಾರಿಸಿಕೊಟ್ಟವನ ಹತ್ರ ನಂಬರ್ ತಗಂಡೆ."

ಚಾರ್ಜ್ ಹಾಕಿಕೊಂಡಿದ್ದಕ್ಕೆ ಕ್ಷಮೆ ಕೇಳಿದೆ. ಹಣ ಕಳಿಸ್ತೀನಿ ಅಂದೆ.

"ಅಯ್ಯೋ, ಅದು ಬಿಡ್ರಿ. ಮನೆ ಖಾಲಿ ಬಿದ್ದೈತೆ, ಯಾರಿಗಾದ್ರೂ ಆಗ್ಲಿ. ನಮ್ಮ ಮನೆಯವ್ಳು ಬಿಂದು ಅಂತ, ಅವ್ಳಿಗೆ ಅಂತ್ಲೇ ತಗಂಡಿದ್ದ ಕಾರು. ಹೋದ ವರ್ಷ ಮನೆ ಬಿಟ್ಟು ಹೋದ್ಳು. ಎಲ್ಲಾ ಕಡೆ ಹುಡುಕ್ತಾ ಇದೀನಿ." ಆಮೇಲೆ ಅದೇ ದನಿಯಲ್ಲಿ, "ನಿನ್ನೆ ಹೊಳಲ್ಕೆರೆಯಾಗೆ ಜಾಸ್ತಿ ಹೊತ್ತು ನಿಂತಿದ್ರಲ್ಲ. ಪೇಷಂಟ್ ಮನೆನಾ?"

ಹೇಗೆ ಗೊತ್ತು ಅಂದೆ.

"ಕಾರಿನ ಆ್ಯಪ್ ಇನ್ನೂ ನನ್ನ ಫೋನಾಗೇ ಐತೆ. ಕಾರು ಎಲ್ಲೈತೆ, ಚಾರ್ಜ್ ಎಷ್ಟೈತೆ, ಬಾಗ್ಲು ತೆಗೆದಿದ್ದು ಹಾಕಿದ್ದು… ಎಲ್ಲಾ ಕಾಣ್ತೈತೆ. ಮನೆ ಸೋಲಾರೂ ಹಂಗೇ. ಅದಕ್ಕೇ ಮಾಡ್ದೆ ಫೋನು. ಕಾರಿಗೆ ಏರಿದ ಕರೆಂಟು ಒಂದು, ಮನೆಯಿಂದ ಹೋಗಿದ್ದು ಇನ್ನೊಂದು. ತಾಳೆ ಆಗ್ತಿಲ್ಲ. ನೀವು ಅಲ್ಲಿ ಬೇರೆ ಏನಾದ್ರೂ ಹಾಕ್ತೀರಾ?"

"ಇಲ್ಲ, ಕಾರೊಂದೇ" ಅಂದೆ. ನಿಜ ತಾನೇ.

ತುಂಬಾ ಸಮಾಧಾನದಲ್ಲಿ ಅಂದರು — "ಹಂಗಾ. ಸರಿ ಮೇಡಮ್. ಬರೋ ಗುರುವಾರ ರಜೆ ಐತೆ, ಹೋಗಿ ನೋಡ್ತೀನಿ."

ಫೋನ್ ಇಟ್ಟ ಮೇಲೆ ಹೊಳೆಯಿತು. ಜಿನ್ನ್ ಅಲ್ಲ. ಒಳಗೆ ಯಾರೋ ಬಚ್ಚಿಟ್ಟುಕೊಂಡಿದ್ದಾರೆ. ದೇವರೇ, ನಾನು ಏನು ಹೇಳಿಬಿಟ್ಟೆ…

ಏಪ್ರಿಲ್ 26

ಕಾರು ಮಾರಿಸಿಕೊಟ್ಟವನಿಗೆ ಫೋನ್ ಮಾಡಿದೆ. ಆ್ಯಪ್ ತೆಗೆಸಬೇಕಾದರೆ ಹಳೇ ಓನರ್ ಫೋನಿಗೇ ಒಟಿಪಿ ಹೋಗ್ತದಂತೆ.

ಓಬಮ್ಮನ ನಂಬರ್ ಇಲ್ಲ. ಈಗಲೇ ಓಡಿ ಹೋದರೆ ಅವನಿಗೆ ಕಾಣ್ತದೆ. ಮಂಗಳವಾರವೇ ಹೋಗಬೇಕು, ಯಾವಾಗಲೂ ಹೋಗೋ ಹಾಗೆ.

ಏಪ್ರಿಲ್ 29, ಮಂಗಳವಾರ

ನಡೆದಿದ್ದು ನಡೆದ ಹಾಗೆ ಬರೆದುಬಿಡ್ತೀನಿ.

ಕಾರು ಚಾರ್ಜಿಗೆ ಹಾಕಿದೆ. ಓಬಮ್ಮನನ್ನು ಹಿತ್ತಿಲಿಗೆ ಕರೆದು ಹೇಳಿದೆ — ಗುರುವಾರ ಬಸವೇಶ್ ಬರ್ತಾರೆ. ಓಬಮ್ಮ ಅಲ್ಲೇ ಕುಸಿದು ಕೂತರು. ಒಂದು ಕಿಟಕಿ ಬೆರಳಷ್ಟು ತೆರೆಯಿತು. ಒಳಗಿಂದ ದನಿ. ಮಾತಾಡಿ ಮರೆತವರ ದನಿ.

"ನನ್ನ ಹೆಸರು ಹೇಳಿದ್ರಾ ಅವ್ರು?"

ಬಿಂದು. ಮೂವತ್ತರ ಆಸುಪಾಸು. ಬಿಸಿಲು ಕಾಣದೆ ಮುಖ ಬಿಳಿಚಿಕೊಂಡಿತ್ತು. ಗಂಡನ ಮನೆ ಬಿಟ್ಟ ಮೊದಲಲ್ಲಿ ಓಬಮ್ಮನ ಗುಡಿಸಲಿನ ಅಟ್ಟದಲ್ಲಿದ್ದರಂತೆ. ಗಂಡ ಹುಡುಕಿ ಹುಡುಕಿ, ಮನೆಗೆ ಬೀಗ ಹಾಕಿ ಹೊಸದುರ್ಗದ ಅಕ್ಕನ ಮನೆಗೆ ಹೋದ. ಗಿಡಕ್ಕೆ ನೀರು ಬಿಡೋಕೆ ಅಂತ ಕೀಲಿ ಓಬಮ್ಮನ ಹತ್ತಿರ ಕೊಟ್ಟ. ಅವತ್ತೇ ಬಿಂದು ವಾಪಸ್ ಒಳಗೆ ಬಂದರು, ಹೊರಗಿನಿಂದ ಓಬಮ್ಮ ಬೀಗ ಹಾಕಿದರು.

"ಬೇರೆ ಎಲ್ಲಾದ್ರೂ ಹೋಗಬಾರದಾಗಿತ್ತಾ?"

"ನಮ್ಮೋರ ಮನೆ, ಮಠ, ಬಸ್ ಸ್ಟ್ಯಾಂಡು, ಎಲ್ಲಾ ಕಡೆ ಹುಡುಕ್ತಾರೆ. ಈ ಮನೆ ಒಂದು ಬಿಟ್ಟು."

ಕರೆಂಟು?

"ಫ್ರಿಜ್ ಓಡ್ತಿರ್ಲಿ ಅಂತ ಬಿಟ್ಟು ಹೋಗಿದ್ರು. ಅವ್ರು ಫೋನಾಗೆ ನೋಡ್ತಾರೆ ಅಂತ ನನಗೆ ಗೊತ್ತು. ಇಲ್ಲಿದ್ದಾಗ್ಲೂ ಹಂಗೇ, ಗೀಜರ್ ಯಾಕ್ ಹಾಕ್ದೆ, ಫ್ಯಾನ್ ಎಷ್ಟೊತ್ತಿಗ್ ಆರ್ಸಿದೆ, ಎಲ್ಲಾದಕ್ಕೂ ಜವಾಬು ಹೇಳ್ಬೇಕಿತ್ತು. ಬಂದ ದಿನಾನೇ ಫ್ರಿಜ್ ಆರ್ಸಿದೆ. ಆ ಫ್ರಿಜ್ ತಿನ್ನೋ ಅಷ್ಟ್ರಾಗೇ ಬದುಕಿದೀನಿ. ರಾತ್ರಿ ದೀಪ ಹಾಕಿಲ್ಲ. ನಿಮ್ ಕಾರು ಬಂದಾಗ ಮಾತ್ರ ಒಂದೀಟು ಬಟ್ಟೆ, ಒಂದೀಟು ಚಟ್ನಿ. ಕಾರಿನ ಲೆಕ್ಕದಾಗೆ ಮುಚ್ಚಿಹೋಗ್ತೈತೆ ಅಂದ್ಕಂಡೆ. ಕಾರು ಇನ್ನೂ ಅವ್ರ ಫೋನಾಗೈತೆ ಅಂತ ಗೊತ್ತಿರ್ಲಿಲ್ಲ."

ಮಾತಾಡುತ್ತಾ ಕಿಟಕಿ ಸರಳು ಹಿಡಿದರು. ಎಡ ಮುಂಗೈ ನೋಡಿದೆ. ಮುರಿದು, ಸೊಟ್ಟಗೆ ಹಾಗೇ ಕೂಡಿಕೊಂಡಿದೆ. ಯಾರೂ ಎಕ್ಸ್‌ರೇ ತೆಗೆಸಿಲ್ಲ, ಪಟ್ಟಿ ಹಾಕಿಸಿಲ್ಲ. ಹಿಡಿದು ತಿರುಚಿದರೆ ಮಾತ್ರ ಹೀಗೆ ಮುರಿಯೋದು. ಬೇರೇನೂ ಕೇಳಲಿಲ್ಲ.

"ಬರ್ರಿ" ಅಂದೆ. "ಇವತ್ತೇ. ಈಗಲೇ."

ಹೊರಡೋ ಮುಂಚೆ ಬಿಂದು ಒಳಗೆ ಹೋಗಿ ಫ್ರಿಜ್ ಹಾಕಿ ಬಂದರು. ಫೋನಿನಲ್ಲಿ ಏನೂ ಬದಲಾಗಬಾರದು. ನನ್ನ ಬುರ್ಖಾ ತೊಡಿಸಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಮೇಲೆ ವ್ಯಾಯಾಮದ ಮ್ಯಾಟ್. ಓಬಮ್ಮ ಸೆರಗಿನ ಗಂಟಿನಿಂದ ಏನೋ ತೆಗೆದು ಅವರ ಕೈಗೆ ತುರುಕಿದರು, ತಿರುಗಿ ನೋಡದೆ ಹೊಲದ ಕಡೆ ಹೋದರು. ತಿಮ್ಮರಾಯಪ್ಪನ ಮನೆಗೆ ಹೋಗಲಿಲ್ಲ.

ಹಿರಿಯೂರು ದಾಟಿದ ಮೇಲೆ ಫೋನ್. ಕಾರಿನ ಸ್ಪೀಕರಿನಲ್ಲಿ ಅವನ ದನಿ, ಗಾಡಿ ತುಂಬಾ.

"ಇವತ್ತು ಬೇಗ ಹೊರಟ್ರಿ ಮೇಡಮ್?"

ಹಿಂದೆ ಮ್ಯಾಟ್ ಕೆಳಗೆ ಉಸಿರು ನಿಂತಿತು. ನಿಂತಿದ್ದು ಕೇಳಿಸಿತು.

"ತಲೆನೋವು."

"ಓಹ್. ಎಸಿ ಜಾಸ್ತಿ ಇಡ್ಬ್ಯಾಡ್ರಿ. ಬಿಂದುಗೂ ಹಂಗೇ ಆಗ್ತಿತ್ತು." ಆಮೇಲೆ, "ಹಿಂದಿನ ಬಾಗ್ಲು ಯಾಕ್ ತೆಗೆದ್ರಿ?"

"ಬ್ಯಾಗ್ ಇಟ್ಟೆ."

"ಬ್ಯಾಗು," ಅಂದ. ನಿಧಾನಕ್ಕೆ. ಫೋನ್ ಇಡಲೇ ಇಲ್ಲ. ನಾನೂ ಇಡಲಿಲ್ಲ, ಇಟ್ಟರೆ ಅನುಮಾನ ಬರ್ತದೆ ಅಂತ. ದುರ್ಗ ಬರೋ ತನಕ ಮೂರೂ ಜನ ಒಂದೇ ಕಾರಿನಲ್ಲಿ ಬಂದ ಹಾಗಿತ್ತು. ಊರು ಮುಟ್ಟಿದ ಮೇಲೆ ಅವನೇ ಇಟ್ಟ.

ಕಾರು ಮನೆ ಮುಂದೆ ನಿಲ್ಲಿಸಿ, ಬಿಂದುನ ಆಟೋದಲ್ಲಿ ಕರ್ಕೊಂಡು ಹೋಗಿ ಬಳ್ಳಾರಿ ಬಸ್ಸು ಹತ್ತಿಸಿದೆ. ನಾದಿನಿ ಸಿಮ್ರಾನ್ ಅಲ್ಲಿದ್ದಾಳೆ. "ಭಾಭಿ, ಕಳಿಸಿ, ನಾನಿದೀನಿ" ಅಂದಳು. ಅಷ್ಟೇ, ಬೇರೆ ಮಾತಿಲ್ಲ. ಜಮೀರ್‌ಗೆ ಎಲ್ಲಾ ಹೇಳಿದೆ. ಈ ಸಲ ನಗಲಿಲ್ಲ.

ಮೇ 1, ಗುರುವಾರ

ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಬಸವೇಶ್ ಬಂದ. ಜಮೀರ್ ಬಾಗಿಲು ತೆಗೆದರು. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ. ಬೀದಿಯಲ್ಲಿ ಕಂಡರೆ ನಮಸ್ಕಾರ ಮಾಡಬೇಕು ಅನ್ನಿಸೋ ಮುಖ.

"ಮನೆಗೆ ಹೋಗಿದ್ದೆ. ದಿಂಬಿನ ಮೇಲೆ ಉದ್ದ ಕೂದ್ಲಿತ್ತು," ಅಂದ. "ಒಂದ್ಸಲ ಕಾರು ನೋಡ್ಲಾ?"

ಉತ್ತರಕ್ಕೆ ಕಾಯಲಿಲ್ಲ. ಇಳಿದು ಹೋಗಿ, ಫೋನಿನಿಂದಲೇ ಲಾಕ್ ತೆಗೆದು, ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ. ಕಣ್ಣು ಮುಚ್ಚಿದ. ಸೀಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದ. ಮೂಗಿನಲ್ಲಿ ಉಸಿರು ಎಳೆದುಕೊಂಡ. ಬೀದಿ ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದರು.

"ಇಲ್ಲೇ ಮಲಗಿದ್ಳು," ಅಂದ. ನಗ್ತಾ ಇದ್ದ. "ನಾನು ಮಾತಾಡಿದ್ದು ಅವ್ಳಿಗೆ ಕೇಳಿಸ್ತು ಅಲ್ವಾ?"

ಸುಳ್ಳು ಹೇಳೋಣ ಅಂತಲೇ ಇಳಿದು ಹೋಗಿದ್ದೆ. ಆಗಲಿಲ್ಲ.

"ಕೇಳಿಸ್ತು. ನಾನೇ ಕರ್ಕೊಂಡ್ ಬಂದೆ. ಎಲ್ಲಿಗೆ ಕಳಿಸಿದೆ ಅಂತ ಹೇಳಲ್ಲ. ಮುಂಗೈ ನೋಡಿದೀನಿ, ಬಸವೇಶ್ ಅವರೇ. ನಾನು ದಿನಾ ನೋಡೋದೇ ಕೈಕಾಲು. ಕೇಳೋರು ಕೇಳಿದ್ರೆ ಬರೆದುಕೊಡ್ತೀನಿ."

ನಗು ಮುಖದ ಮೇಲೇ ಉಳಿದಿತ್ತು, ತೆಗೆಯೋದು ಮರೆತ ಹಾಗೆ. ಜಮೀರ್ ಇನ್ನೊಂದು ಬಾಗಿಲಿನಿಂದ ಹತ್ತಿ ಅವನ ಪಕ್ಕ ಕೂತರು. ಹೆಗಲ ಮೇಲೆ ಕೈ ಹಾಕಿದರು. ದಿನಾ ಕಬ್ಬಿಣದ ಬೀರು ಎತ್ತೋ ಕೈ.

"ಕಾರನ್ನ ನಿಮ್ ಆ್ಯಪಿಂದ ತೆಗೀರಿ ಅಣ್ಣಾ. ಇಲ್ಲೇ. ನನ್ನೆದುರಿಗೇ."

ತೆಗೆದ. ಇಳಿದು ಹೋಗುವಾಗ ಕಾರಿನ ಬಾಗಿಲು ಸದ್ದಾಗದ ಹಾಗೆ ಹಾಕಿದ.

ಮೇ 20, ಮಂಗಳವಾರ, ಸಂಜೆ

ತಿಮ್ಮರಾಯಪ್ಪನ ಜಗುಲಿಯಲ್ಲಿ ಕೂತು ಬರೀತಿದೀನಿ. ಇಷ್ಟು ದಿನ ಈ ಕಡೆ ಬರೋಕೆ ಧೈರ್ಯ ಬಂದಿರಲಿಲ್ಲ. ಪಾಪ, ಅವರ ಬೆರಳು ಮತ್ತೆ ಬಿಗಿದಿದೆ. ಕಾರನ್ನು ಇವರ ಮನೆ ಪ್ಲಗ್ಗಿಗೇ ಹಾಕಿದೀನಿ. ಇರುವೆ ಹರಿದ ಹಾಗೆ ಏರ್ತಿದೆ.

ಬೆಳಿಗ್ಗೆ ಬಿಂದು ಫೋನ್. ಡಾಕ್ಟರು ಕೈ ನೋಡಿದಾರಂತೆ. ಸರಿ ಮಾಡಬಹುದು, ಆಪರೇಷನ್ ಬೇಕು. ಸಿಮ್ರಾನ್ ಜೊತೆ ಹೋಗಿ ಕಂಪ್ಲೇಂಟೂ ಕೊಟ್ಟು ಬಂದರಂತೆ. ರಾತ್ರಿ ಟ್ಯೂಬ್‌ಲೈಟ್ ಹಾಕಿಕೊಂಡೇ ಮಲಗ್ತಾರಂತೆ, ಸಿಮ್ರಾನ್ ಮಕ್ಕಳು ಬೈತಾರಂತೆ. ನಗ್ತಾ ಹೇಳಿದರು.

ಓಬಮ್ಮ ದಾರಿಯಲ್ಲೇ ಸಿಕ್ಕಿದರು. ಅವರನ್ನ ಬಸವೇಶ್ ಏನೂ ಕೇಳಿಲ್ಲವಂತೆ. ಕೇಳದೇ ಇರೋದೇ ಹೆದರಿಕೆ ಅಂದರು. ಮಗಳ ಊರು ತಾಳ್ಯಕ್ಕೆ ನಾಳೆ ಹೊರಡ್ತಾರೆ. ಅವನು ವಾಪಸ್ ಬಂದು ಆ ಮನೆಯಲ್ಲೇ ಇದಾನೆ. ಬಾಗಿಲು ಕಿಟಕಿ ಎಲ್ಲಾ ತೆರೆದು, ಹಗಲೂ ರಾತ್ರಿ ಎಲ್ಲಾ ದೀಪ ಉರಿಸಿಕೊಂಡು. ಬಿಳೀ ಕಾರು ಯಾವುದು ಹೋದರೂ ಚಾರ್ಜರ್ ಗನ್ ಹಿಡಿದು ಗೇಟಿಗೆ ಬಂದು ನಿಲ್ತಾನಂತೆ. ನಾನು ಬರುವಾಗಲೂ ನಿಂತಿದ್ದ. "ಬರ್ರಿ ಮೇಡಮ್. ಬ್ಯಾಟ್ರಿ ತುಂಬೈತೆ." ಮೆತ್ತಗೆ, ನೆಂಟರನ್ನ ಕರೆದ ಹಾಗೆ.

ಮೋಡ ಕವಿದಿದೆ. ಇದೀಗ ಕರೆಂಟ್ ಹೋಯಿತು, ಇಡೀ ಊರಿಗೆ. ಕತ್ತಲಲ್ಲಿ ಆ ಮನೆ ಒಂದೇ ಉರೀತಾ ಇದೆ. ಇಲ್ಲಿಂದಲೂ ಕಾಣ್ತದೆ.

ಕಾರು ಹದಿನೆಂಟು ಪರ್ಸೆಂಟಿಗೆ ನಿಂತಿದೆ. ಹಿರಿಯೂರಿಗೆ ಸಾಕು. ಎಸಿ ಬೇಡ, ಹಾಡು ಬೇಡ. ಜಮೀರ್ ಅಲ್ಲಿಗೆ ಬರ್ತಾರೆ. ಹೊರಡ್ತೀನಿ. ಆ ಗೇಟು ದಾಟುವಾಗ ಒಂದು ಸಲವೂ ಆ ಕಡೆ ನೋಡಲ್ಲ.