ಹೆರಿಗೆ ಕಲಿಸುವ ಕೋರ್ಸು

೧೨ ಜೂನ್ ೨೦೦೪, ಶನಿವಾರ. ಲಿಂಗಂಪಲ್ಲಿ, ಹೈದರಾಬಾದ್

ನನ್ನನ್ನು ಖಾಸಗಿ ನರ್ಸಿಂಗ್ ಕಾಲೇಜಿಗೆ ಸೇರಿಸಬೇಕೆಂದು ಅವ್ವ ರಾತ್ರಿ ಪಾಳಿಯಲ್ಲೂ ಸಿಮೆಂಟು ಹೊರಲು ಮೇಸ್ತ್ರಿಗೆ ಮಾತು ಕೊಟ್ಟು ಬಂದಿದ್ದಾಳೆ. ಕಂಪ್ಯೂಟರ್ ಕಂಪನಿಯ ಕಟ್ಟಡ. ಹಗಲು ರಾತ್ರಿ ಕೆಲಸ. ಕೇಳಿದಾಗಿನಿಂದ ನನಗೆ ಊಟ ಸೇರಿಲ್ಲ.

ಸಂಜೆ ಸರ್ಕಾರಿ ಆಸ್ಪತ್ರೆಯ ನರ್ಸ್ ಶೋಭಕ್ಕನನ್ನು ಕಂಡೆ. ಅವರು ನಮ್ಮ ಕಡೆಯವರೇ, ಬೀದರಿನವರು.

“ಗುರುದೇವಿ, ಮೊದಲ ಸರ್ಕಾರಿ ಎಎನ್‌ಎಂ ಮಾಡು, ಸಣ್ಣ ನರ್ಸ್ ಕೋರ್ಸು ಅದು. ಖರ್ಚು ಭಾಳ ಕಡಿಮಿ. ಆಮ್ಯಾಲೆ ನೌಕರಿ ಮಾಡಿ ನಿನ್ನ ದುಡ್ಡಿನಾಗ ದೊಡ್ಡ ನರ್ಸಿಂಗ್ ಓದು” ಅಂದರು.

ಬಂದು ಹೇಳಿದರೆ ಅವ್ವನ ಮುಖ ಸಪ್ಪಗಾಯಿತು. ಸಣ್ಣ ಕೋರ್ಸು ಓದಿಸಿದರೆ ಮಗಳಿಗೆ ಕಡಿಮೆ ಮಾಡಿದಂತೆ ಅಂದುಕೊಂಡಳೇನೋ. ರೊಟ್ಟಿ ಬಡಿಯುತ್ತಲೇ ಕೇಳಿದಳು.

“ಅದರಾಗ ಹೆರಿಗಿ ಮಾಡಸೂದು ಕಲಸ್ತಾರೇನು?”

“ಹೂನವ್ವ, ಮುಖ್ಯ ಅದನ್ನ ಕಲಸ್ತಾರ.”

ರೊಟ್ಟಿ ಬಡಿಯುವುದು ನಿಂತಿತು.

“ಹಂಗಾರ ಅದನ್ನ ಓದು. ನೀ ಹುಟ್ಟೂ ಮುಂದ ಕೂಲಿ ಶೆಡ್ಡಿನಾಗ ನಾ ಒಬ್ಬಾಕಿನ ಇದ್ದೆ. ಕೈ ಹಿಡಿಯಾಕ ಯಾರೂ ಇರಲಿಲ್ಲ.”

ಇಷ್ಟು ವರ್ಷ ಅವಳು ಇದನ್ನು ಹೇಳಿರಲೇ ಇಲ್ಲ. ಹಿಟ್ಟು ಮೆತ್ತಿದ್ದ ಅವಳ ಕೈ ಹಿಡಿದು ಕೂತೆ.

ರಾತ್ರಿ ಪಾಳಿ ಬೇಡವೆಂದು ನಾಳೆ ಮೇಸ್ತ್ರಿಗೆ ಹೇಳುತ್ತಾಳಂತೆ. ಈಗ ಮಲಗಿದ್ದಾಳೆ. ಅವಳಿಗೆ ಎಚ್ಚರವಾದರೆ ಕೇಳಬೇಕು, ಅವತ್ತು ನನ್ನನ್ನು ಮೊದಲು ಎತ್ತಿಕೊಂಡಾಗ ಏನಂದಳು ಅಂತ.