ತಂತಿ ಹತ್ತದ ಎಣ್ಣೆ

ಮಸಿನಗುಡಿ
9 ಫೆಬ್ರವರಿ 2025, ಭಾನುವಾರ

ಗೋಕುಲ್ ಅವರಿಗೆ ಭುವನಾಳ ನಮಸ್ಕಾರ.

ನಮಸ್ಕಾರ ಎಂದು ಬರೆದು ನನಗೇ ನಗು ಬಂತು. ಹದಿನಾಲ್ಕು ವರ್ಷ ಒಂದೇ ಒಲೆಯ ಅನ್ನ ಉಂಡವರು ನಾವು. ಆದರೆ ಆರು ತಿಂಗಳಿಂದ ನೀವು ನಡುವಟ್ಟಂನ ಟೀ ಫ್ಯಾಕ್ಟರಿಯಲ್ಲಿ, ನಾನು ಇಲ್ಲಿ. ಬೇರೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ನಾವು ಮನೆಯಲ್ಲಿ ಆಡುವ ಬಡಗ ಮಾತಿಗೆ ಲಿಪಿಯಿಲ್ಲ. ತಮಿಳಿನಲ್ಲಿ ಬರೆದರೆ ಕಚೇರಿಗೆ ಕೊಡುವ ಅರ್ಜಿಯ ಹಾಗೆ ಆಗುತ್ತದೆ. ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದು ಕಲಿತ ಕನ್ನಡವೇ ಇರಲಿ. ನೀವು ಕನ್ನಡವನ್ನು ನಿಧಾನವಾಗಿ ಓದುತ್ತೀರಿ, ಇದು ನಿಧಾನವಾಗಿ ಓದಬೇಕಾದ ಪತ್ರವೇ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಒಂದು ಸಲ ‘ಹ್ಞೂಂ’ ಎಂದರೆ ಸಾಕು, ನಾನು ಅಲ್ಲಿಗೇ ನಿಲ್ಲಿಸಿ ಊಟ ಆಯಿತಾ ಎಂದು ಕೇಳಿಬಿಡುತ್ತೇನೆ. ಎಂಟು ತಿಂಗಳಿಂದ ಹಾಗೇ ಮಾಡಿಕೊಂಡು ಬಂದಿದ್ದೇನೆ.

ಮೊದಲು ಅವಸರದ ಸುದ್ದಿ. ಗುರುವಾರ ನಂಜನಾಡಿಗೆ ಹೋಗಿದ್ದೆ. ನಿಮ್ಮ ಅಪ್ಪನ ಬೆನ್ನಲ್ಲೇ ಹುಟ್ಟಿದ ಪಂಕಜಂ ಮಾಮಿ ಹಾಸಿಗೆ ಹಿಡಿದಿದ್ದಾರೆ. ಗಂಜಿಯೂ ಸರಿಯಾಗಿ ಇಳಿಯುತ್ತಿಲ್ಲ. ನನ್ನ ಕೈ ಹಿಡಿದುಕೊಂಡು ಅವರು ಕೇಳಿದ್ದು ಒಂದೇ ಮಾತು: “ಎನ್ನ ಸಾವಿಗೆ ಅಣ್ಣನ ಮಾತು ಬೇಕು. ಪುಸ್ತಕ ನೋಡಿ ಓದೋದು ಬೇಡ. ಗೋಕುಲ್ ಬಂದು ಹೇಳಲಿ.” ಗೋಕುಲ್‌ಗೆ ಅದು ಪೂರ್ತಿ ಬಾರದು, ಅಪ್ಪನ ದನಿ ಇದ್ದ ಕಂಪ್ಯೂಟರ್ ಹಾಳಾಯಿತಲ್ಲ ಎಂದು ಅಲ್ಲಿದ್ದ ಯಾರೋ ನೆನಪಿಸಿದರು. ಮಾಮಿ ಗೋಡೆ ಕಡೆ ಹೊರಳಿಕೊಂಡರು. ನಾನು ಆ ಮನೆಯಲ್ಲಿ ಟೀ ಕೂಡ ಕುಡಿಯದೆ ಬಸ್ಸಿಗೆ ಬಂದೆ.

ಅವರಿಗೆ ಬೇಕಾದದ್ದು ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಹೆಣದ ಮುಂದೆ ನಿಂತು, ಸತ್ತವರ ತಪ್ಪುಗಳನ್ನು ಒಂದೊಂದಾಗಿ ಹೆಸರಿಸುವುದು. ಒಂದೊಂದಕ್ಕೂ ಕೂಡಿದ ಜನವೆಲ್ಲ ‘ಪಾಪ’ ಎನ್ನುವುದು. ಕೊನೆಗೆ ಅದೆಲ್ಲ ಹರಿದುಹೋಗಲಿ ಎಂದು ಬಿಟ್ಟುಕೊಡುವುದು. ನಿಮ್ಮ ಅಪ್ಪ ಭೋಜನ್ ಮಾಮ ಅದನ್ನು ಮುಕ್ಕಾಲು ಗಂಟೆ ಹೇಳುತ್ತಿದ್ದರು. ಅವರದೇ ಸಾವಿನ ದಿನ ಬೇರೆ ಹಟ್ಟಿಯವರೊಬ್ಬರು ಬಂದು ಅಚ್ಚಾದ ಪುಸ್ತಕ ನೋಡಿ ಎಂಟು ನಿಮಿಷದಲ್ಲಿ ಮುಗಿಸಿದರು. ನೀವು ತಲೆ ತಗ್ಗಿಸಿ ನಿಂತಿದ್ದಿರಿ. ‘ಅಪ್ಪನ ದನಿಯನ್ನು ನನ್ನ ಕೈಯಾರೆ ಎಣ್ಣೆಯಲ್ಲಿ ಮುಳುಗಿಸಿದೆ’ ಎಂದು ಆಮೇಲೆ ನೀವು ಹಟ್ಟಿಯವರಿಗೆಲ್ಲ ಹೇಳಿಕೊಂಡು ಅತ್ತಿರಿ. ಅವತ್ತಿನಿಂದ ಆ ಕಡೆ ಕಾಲಿಟ್ಟಿಲ್ಲ.

ನೀವು ಮುಳುಗಿಸಲಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿಂದ ಬರೆಯುತ್ತೇನೆ. ಇಲ್ಲದಿದ್ದರೆ ಮುಖ್ಯವಾದ ಜಾಗಕ್ಕೆ ಬಂದಾಗ ಜಾರಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಹೋದ ವರ್ಷದ ಆರಂಭದ ಚಳಿಗಾಲದಲ್ಲಿ ಮಾಮ ನಂಜನಾಡಿನ ಥಂಡಿ ತಡೆಯಲಾರದೆ ನಮ್ಮಲ್ಲಿಗೆ ಬಂದರು. ಜಗಲಿಯಲ್ಲಿ ಕೂತು ಅವರು ಒಂದೊಂದು ಭಾಗ ಹೇಳುವುದು, ನೀವು ಫೋನಿನಲ್ಲಿ ಹಿಡಿದುಕೊಳ್ಳುವುದು. ಜೀಪಿನ ಸದ್ದು, ಕೋತಿಯ ಕಿರುಚಾಟ ಎಲ್ಲ ಅದರೊಳಗೆ ಸೇರಿಕೊಂಡಿತ್ತು. ಅದನ್ನು ಶುದ್ಧ ಮಾಡಲು ಕೂತರೆ ನಮ್ಮ ಹಳೆಯ ಕಂಪ್ಯೂಟರ್ ಕಾಲು ಗಂಟೆಗೆ ಕಾದು ತಾನಾಗಿ ಆರಿಹೋಗುತ್ತಿತ್ತು. ಈ ಊರಿನ ಕೆಂಧೂಳು ಅದರ ಫ್ಯಾನಿನಲ್ಲಿ ಕಂಬಳಿಯ ಹಾಗೆ ಕೂತಿತ್ತು. ಎಣ್ಣೆಯಲ್ಲಿ ಕರೆಂಟು ಹರಿಯದು, ಎಲ್ಲವನ್ನೂ ಅದರಲ್ಲಿ ಮುಳುಗಿಸಿದರೆ ಬಿಸಿಯೂ ಇಲ್ಲ, ಧೂಳೂ ಇಲ್ಲ, ಸದ್ದೂ ಇಲ್ಲ ಎಂದು ನೀವು ಎಲ್ಲೋ ಓದಿಕೊಂಡು ಬಂದಿರಿ. ನಿಮಗೆ ತಲೆ ಕೆಟ್ಟಿದೆ ಎಂದುಕೊಂಡೆ. ಕೊಬ್ಬರಿ ಎಣ್ಣೆ ಹಾಕೋಣವೇ ಎಂದು ನೀವು ಕೇಳಿದಾಗ ಮಾಮ, “ನಮ್ಮ ಹಟ್ಟಿಲಿ ಅದು ಸೀಸೆಯೊಳಗೇ ಗಟ್ಟಿಯಾಗಿ ಕೂತಿರ್ತದೆ. ನಿನ್ನ ಯಂತ್ರ ನೊಣ ಸಿಕ್ಕಂಗೆ ಸಿಕ್ಕಿಹಾಕಂಡೀತು” ಎಂದರು. ಕೊನೆಗೆ ಗೂಡಲೂರಿನ ಔಷಧಿ ಅಂಗಡಿಯಿಂದ ಪ್ಯಾರಫಿನ್ ಎಣ್ಣೆಯ ಕ್ಯಾನುಗಳು ಬಂದವು. ನಿಮ್ಮ ಮನೆಯಲ್ಲಿ ಎಷ್ಟು ಜನರಿಗೆ ಮಲಬದ್ಧತೆ ಎಂದು ಅಂಗಡಿಯವನು ಕೇಳಿದನಂತೆ. ಅದನ್ನು ನೀವು ಹೇಳಿದಾಗ ಮಾಮ ಕೆಮ್ಮುವಷ್ಟು ನಕ್ಕಿದ್ದರು.

ಊಟಿಯ ಲಾಡ್ಜಿನವರು ಬಿಸಾಡಿದ ಮೀನಿನ ತೊಟ್ಟಿಯಲ್ಲಿ ನೀವು ಕಂಪ್ಯೂಟರನ್ನು ಕಟ್ಟಿದಿರಿ. ಎಣ್ಣೆಯೊಳಗೆ ಫ್ಯಾನು ಸೋಮಾರಿಯಾಗಿ ತಿರುಗುತ್ತಿತ್ತು. ಮೀನೆಲ್ಲಿ ಎಂದು ಪಕ್ಕದ ಮನೆ ಕಮಲಂ ದಿನವೂ ಕೇಳುತ್ತಿದ್ದಳು. ದನಿಯೆಲ್ಲ ಉಳಿಯುವ ಹಾರ್ಡ್ ಡಿಸ್ಕ್ ಒಂದನ್ನು ಮಾತ್ರ ನೀವು ಎಣ್ಣೆಗೆ ಇಳಿಸಲಿಲ್ಲ. ತೊಟ್ಟಿಯ ಮೇಲೆ ಹಲಗೆ ಅಡ್ಡ ಇಟ್ಟು, ಅದರ ಮೇಲೆ ಅದನ್ನು ಕೂರಿಸಿದಿರಿ. ಬೆಂಕಿಕಡ್ಡಿಯ ತುದಿಯಿಂದ ನನಗೆ ಅದರ ಬೆನ್ನಿನ ಸಣ್ಣ ತೂತು ತೋರಿಸಿ, ಇದು ಇದರ ಮೂಗು, ಇದರಲ್ಲಿ ಎಣ್ಣೆ ಹೋದರೆ ಎಲ್ಲ ಮುಗಿಯಿತು ಎಂದಿರಿ. ನಾನು ಹೂಂ ಎಂದೆ. ಚೆನ್ನಾಗಿಯೇ ಅರ್ಥವಾಗಿತ್ತು.

ಈಗ ಬರೆಯಬೇಕಾದದ್ದು ಬಂತು. ಎದ್ದು ಹೋಗಿ ನೀರು ಕುಡಿದು ಬಂದೆ.

ಹೋದ ಮಾರ್ಚಿನಲ್ಲಿ, ನೀವು ತೊಟ್ಟಿಗೆ ಇನ್ನೂ ಎಣ್ಣೆ ತರುವ ಮೊದಲು, ಮಾಮ ನನ್ನನ್ನು ಹಿತ್ತಲಿಗೆ ಕರೆದರು. ಹೊಟ್ಟೆಯಲ್ಲಿ ನೋವು, ಮಲದಲ್ಲಿ ರಕ್ತ ಎಂದು ತಲೆ ತಗ್ಗಿಸಿ ಹೇಳಿದರು. ಸೊಸೆಯ ಹತ್ತಿರ ಅಂಥದ್ದು ಹೇಳಬೇಕಾದರೆ ಎಷ್ಟು ದಿನ ತಡೆದುಕೊಂಡಿದ್ದರೋ. ಊಟಿ ಆಸ್ಪತ್ರೆಗೆ ಹೋಗೋಣ ಎಂದೆ. ಅವರು ಒಪ್ಪಲಿಲ್ಲ. “ಆಸ್ಪತ್ರೆ ಅಂದ್ರೆ ಗೋಕುಲ್ ಎಲ್ಲ ಬಿಟ್ಟು ಓಡ್ತಾನೆ. ಎರಡು ವಾರ ಸುಮ್ಮನಿರು. ಎನ್ನ ಬಾಯಿಲಿ ಇರೋದು ಅದರೊಳಗೆ ಹೋಗಿ ಸೇರಲಿ” ಎಂದು ಕೈ ಮುಗಿದರು. ಮಾವ ಸೊಸೆಗೆ ಕೈ ಮುಗಿದರೆ ಏನು ಮಾಡಲಿ, ಒಪ್ಪಿದೆ.

ಎರಡು ವಾರ ಕಳೆಯಿತು. ತೊಟ್ಟಿ ಕಟ್ಟಿ ಆಯಿತು, ಎಂಟು ರೆಕಾರ್ಡಿಂಗ್ ಆಯಿತು. ಆಮೇಲೂ ನಾನು ಹೇಳಲಿಲ್ಲ. ರೆಸಾರ್ಟಿನಲ್ಲಿ ಆಗಷ್ಟೇ ರಿಸೆಪ್ಷನ್ನಿಗೆ ಸೇರಿದ್ದೆ. ಸೀಸನ್ ಮುಗಿಯುವವರೆಗೆ ಒಂದು ದಿನವೂ ರಜೆ ಇಲ್ಲ, ಆಮೇಲೆ ಖಾಯಂ ಎಂದಿದ್ದರು. ಮಾಮನ ಕಾಯಿಲೆ ಹೊರಬಿದ್ದರೆ ನೋಡಿಕೊಳ್ಳುವವಳು ನಾನೇ, ಕೆಲಸ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಹೆಸರು ಬರೆದ ಬಿಲ್ಲೆಯನ್ನು ಸೀರೆಗೆ ಸಿಕ್ಕಿಸಿಕೊಂಡು ಬೆಳಿಗ್ಗೆ ಹೊರಡುವುದು ನನಗೆ ಎಷ್ಟು ಇಷ್ಟವಾಗಿತ್ತು ಎಂದು ನಾನು ಯಾರಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಇನ್ನೂ ಆರು ವಾರ ದೂಡಿದೆ. ಮಾಮ ಒಮ್ಮೆಯೂ ನೆನಪಿಸಲಿಲ್ಲ. ಮೇ ತಿಂಗಳಲ್ಲಿ ಅವರು ಬಚ್ಚಲಲ್ಲಿ ಬಿದ್ದರು. ಎರಡು ತಿಂಗಳು ಮೊದಲು ತಂದಿದ್ದರೆ ಎಂದು ಡಾಕ್ಟರ್ ಹೇಳಿದಾಗ ನೀವು ನನ್ನ ಮುಖ ನೋಡಿದಿರಿ, ಸಮಾಧಾನಕ್ಕೆ. ನಾನು ನಿಮ್ಮ ಬೆನ್ನು ಸವರಿದೆ.

ನೀವು ಆಸ್ಪತ್ರೆಯಲ್ಲಿ ಉಳಿದಿರಿ. ನಾನು ಬಟ್ಟೆ ಒಯ್ಯಲು ಮನೆಗೆ ಬಂದೆ. ಮಧ್ಯಾಹ್ನ ಹನ್ನೆರಡರ ಬಿಸಿಲು, ಮನೆಯಲ್ಲಿ ಒಂದು ಸದ್ದಿಲ್ಲ, ಕಂಪ್ಯೂಟರ್ ತನ್ನ ಪಾಡಿಗೆ ದನಿ ಶುದ್ಧ ಮಾಡುತ್ತಾ ಇತ್ತು. ಒಂಬತ್ತನೆಯ ರೆಕಾರ್ಡಿಂಗ್ ಹೊಸದು. ಮಾಮ ಬೀಳುವ ಹಿಂದಿನ ದಿನ ನೀವು ಹಿಡಿದದ್ದು. ಫೋನನ್ನು ಅವರ ಮುಂದಿಟ್ಟು ಅಂಗಡಿಗೆ ಹೋಗಿದ್ದಿರಿ, ಆಮೇಲೆ ಕೇಳದೆಯೇ ಒಳಗೆ ಹಾಕಿಟ್ಟಿದ್ದಿರಿ. ಅವರ ದನಿ ಕೇಳಬೇಕೆನಿಸಿ ಹಾಕಿದೆ. ಸ್ವಲ್ಪ ಹೊತ್ತು ಆ ಪಾಪಗಳ ಸಾಲು ನಡೆಯಿತು. ಆಮೇಲೆ ಅವರು ನಿಲ್ಲಿಸಿ, ಮಾತಿನ ದನಿಯಲ್ಲಿ ಹೇಳಿದರು: “ಗೋಕುಲಾ, ಎನ್ನ ನೋವನ್ನ ಮೊದಲು ಭುವನಾಗೆ ಹೇಳಿದ್ದೆ. ಅವಳು ಎರಡು ತಿಂಗಳು ಯಾರಿಗೂ ಹೇಳಲಿಲ್ಲೆ.”

ನಾನು ಅಲ್ಲಿಗೇ ನಿಲ್ಲಿಸಿದೆ. ಅದನ್ನು ಒಂದನ್ನೇ ಅಳಿಸುವುದು ಹೇಗೆ, ಅಳಿಸಿದ ಗುರುತು ನಿಮಗೆ ಸಿಗದ ಹಾಗೆ ಮಾಡುವುದು ಹೇಗೆ, ನನಗೆ ಗೊತ್ತಿರಲಿಲ್ಲ. ತೂತು ಮಾತ್ರ ಗೊತ್ತಿತ್ತು. ಹಲಗೆಯಿಂದ ಡಿಸ್ಕನ್ನು ಎತ್ತಿ, ತಂತಿ ಸಮೇತ, ಮೊಣಕೈವರೆಗೆ ಎಣ್ಣೆಯಲ್ಲಿ ಕೈ ಇಳಿಸಿ ತಳಕ್ಕೆ ಒತ್ತಿ ಹಿಡಿದೆ. ಆ ತೂತಿನಿಂದ ಸಣ್ಣ ಸಣ್ಣ ಗುಳ್ಳೆ ಬಂದವು. ಅವು ನಿಲ್ಲುವವರೆಗೆ ಹಿಡಿದೇ ಇದ್ದೆ. ಆಮೇಲೆ ನಿಮ್ಮ ಹಳೆಯ ಪಂಚೆಯಲ್ಲಿ ಒರೆಸಿ, ಇದ್ದ ಹಾಗೇ ಹಲಗೆಯ ಮೇಲೆ ಇಟ್ಟು, ಬಟ್ಟೆಯ ಚೀಲ ತೆಗೆದುಕೊಂಡು ಎರಡು ಗಂಟೆಯ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ನಾನು ಕುಡಿಸಿದ ಗಂಜಿಯನ್ನು ಮಾಮ ಕುಡಿದರು. ನನ್ನ ಕೈ ಇನ್ನೂ ಜಾರುತ್ತಿತ್ತು.

ಜೂನಿನಲ್ಲಿ, ಮಾಮನ ಸಾವಿನ ಹಿಂದಿನ ದಿನ ನೀವು ಕಲಿಯಲೆಂದು ಕಂಪ್ಯೂಟರ್ ಹಾಕಿದಿರಿ. ಡಿಸ್ಕು ಟಕ್ ಟಕ್ ಎಂದಿತು. ‘ಎಣ್ಣೆ ತಂತಿ ಹಿಡಿದು ನಿಧಾನಕ್ಕೆ ಮೇಲೆ ಹತ್ತುತ್ತದೆ, ತಂತಿಯನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಬಿಡಬೇಕಿತ್ತು, ನಾನು ಬಿಡಲಿಲ್ಲ’ ಎಂದು ನೀವು ಇವತ್ತಿಗೂ ನಂಬಿದ್ದೀರಿ. ಆ ಮಾತನ್ನು ಮೊದಲು ಆಡಿದ್ದು ನಾನು, ನೆನಪಿದೆಯೇ? ಎಣ್ಣೆ ತಂತಿಯಲ್ಲಿ ಏರಿರಬಹುದೇ ಎಂದು, ಏನೂ ತಿಳಿಯದವಳ ಹಾಗೆ ಕೇಳಿದೆ. ನಿಮ್ಮ ಮುಖ ಬಿಳಿಚಿಕೊಂಡಿತು. ಕೊಯಮತ್ತೂರಿನ ಅಂಗಡಿಯವರು ಒಳಗೆಲ್ಲ ಎಣ್ಣೆ ಎಂದು ಕೈಚೆಲ್ಲಿದ ಮೇಲೆ ನೀವು ತೊಟ್ಟಿಯನ್ನು ಬರಿದು ಮಾಡಿ ಹಿತ್ತಲಿಗೆ ಹಾಕಿದಿರಿ. ಆಗಸ್ಟಿನಲ್ಲಿ, ‘ಈ ಮನೆಯಲ್ಲಿ ಕೂತರೆ ನನ್ನ ತಪ್ಪೇ ಕಾಣುತ್ತದೆ’ ಎಂದು ಹೇಳಿ ಹೊರಟುಹೋದಿರಿ. ನಾನು ತಡೆಯಲಿಲ್ಲ. ನಿಮ್ಮ ತಂತಿಯಲ್ಲಿ ಯಾವ ದೋಷವೂ ಇರಲಿಲ್ಲ. ಎಣ್ಣೆ ಹತ್ತಿರಲಿಲ್ಲ.

ಒಂಬತ್ತನೆಯದನ್ನು ಕಂಪ್ಯೂಟರಿಗೆ ಹಾಕಿದ ಮೇಲೆ ಫೋನಿನ ಮೆಮೊರಿ ಕಾರ್ಡನ್ನು ಖಾಲಿ ಮಾಡು ಎಂದು ನನಗೆ ಕೊಟ್ಟಿದ್ದಿರಿ. ಮಾಡಿದೆ ಎಂದಿದ್ದೆ. ಮೊದಲು ಸೋಮಾರಿತನದಿಂದ ಮಾಡಿರಲಿಲ್ಲ. ಡಿಸ್ಕು ಹೋದ ಮೇಲೆ ಧೈರ್ಯ ಬರಲಿಲ್ಲ. ಎಂಟು ತಿಂಗಳು ಅದು ಕುಂಕುಮದ ಖಾಲಿ ಡಬ್ಬಿಯಲ್ಲಿತ್ತು. ಅದನ್ನು ಈ ಪತ್ರದೊಳಗೆ ರಟ್ಟಿಗೆ ಅಂಟಿಸಿ ಇಟ್ಟಿದ್ದೇನೆ. ಜೀಪಿನ ಸದ್ದು, ಕೋತಿಯ ಸದ್ದು ಎಲ್ಲ ಇದೆ, ಮಾಮನೂ ಇದ್ದಾರೆ. ಒಂಬತ್ತನೆಯದನ್ನು ಅಳಿಸಲು ಎರಡು ಸಲ ಬೆರಳು ಇಟ್ಟೆ, ಅಳಿಸಲಿಲ್ಲ. ನನ್ನ ಹೆಸರು ಬರುವಲ್ಲಿಂದ ಮುಂದೆ ಏನಿದೆ ಎಂದು ನಾನು ಇವತ್ತಿನವರೆಗೆ ಕೇಳಿಲ್ಲ. ನನ್ನನ್ನು ಬೈದಿರಬಹುದು, ಅದಕ್ಕೆ ಅವರಿಗೆ ಹಕ್ಕಿದೆ.

ನಾಳೆ ಬೆಳಿಗ್ಗೆ ನಮ್ಮ ಬೀದಿಯ ತಂಗಮಣಿ ನಡುವಟ್ಟಂಗೆ ತಾಯಿಯ ಮನೆಗೆ ಹೋಗುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ನೀವು ರಜೆ ಹಾಕಿ ಮೊದಲ ಎಂಟನ್ನು ಕಲಿಯಿರಿ. ಮಾಮಿಗೆ ಹೆಚ್ಚು ದಿನ ಇಲ್ಲ. ಅವರ ಕಿವಿಗೆ ಬೀಳುವ ಹಾಗೆ ಒಂದು ಸಲ ಹಾಕಿ, ಇದು ಸಿಕ್ಕಿದೆ ಎಂದು ಹೇಳಿಬನ್ನಿ. ಒಂಬತ್ತನೆಯದನ್ನು ಕೇಳಿದ ಮೇಲೆ ಈ ಮನೆಗೆ ಬರುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಾನು ಮಾತ್ರ ನಿಮ್ಮ ದಾರಿ ನೋಡುತ್ತೇನೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಹಟ್ಟಿಯಲ್ಲಿ ಯಾರಾದರೂ ಕೇಳಿದರೆ ಡಿಸ್ಕು ಮುಳುಗಿಸಿದ್ದು ಭುವನಾ ಎಂದು ಜೋರಾಗಿಯೇ ಹೇಳಿ.

ಬೆಳಗಿನ ಚಳಿಗೆ ಕಿವಿ ಮುಚ್ಚಿಕೊಂಡು ಹೋಗಿ. ನಿಮ್ಮ ಕಂದು ಉಣ್ಣೆಯ ಟೊಪ್ಪಿಗೆ ಇಲ್ಲೇ ಉಳಿದಿತ್ತು, ತಂಗಮಣಿಯ ಚೀಲದಲ್ಲಿ ಹಾಕಿದ್ದೇನೆ.

ಸುಳ್ಳು ಮುಗಿಸಿ ಕೂತಿರುವ,
ಭುವನಾ

ತಾ.ಕ.: ಸಹಿ ಮಾಡಿದ ಮೇಲೆ, ಅಂಟಿಸಿದ್ದ ಕಾರ್ಡನ್ನು ಬಿಡಿಸಿ ಒಂಬತ್ತನೆಯದನ್ನು ಒಮ್ಮೆ ಪೂರ್ತಿ ಕೇಳಿದೆ. ನನ್ನ ಹೆಸರಾದ ಮೇಲೆ ಮಾಮ ಸ್ವಲ್ಪ ಹೊತ್ತು ಕೆಮ್ಮುತ್ತಾರೆ. ಆಮೇಲೆ ಹೇಳುತ್ತಾರೆ: “ಅವಳ ತಪ್ಪು ಇಲ್ಲೆ. ಅವಳ ಬಾಯಿ ಕಟ್ಟಿದ್ದು ನಾ. ಎನ್ನ ಸಾವಿನ ದಿನ ಎಲ್ಲ ಹೇಳಿ ಆದ ಮೇಲೆ ಇದನ್ನೂ ಸೇರಿಸು. ಸೊಸೆಯ ಬಾಯಿ ಕಟ್ಟಿದ, ಮಗನಿಗೆ ನೋವು ಮುಚ್ಚಿದ ಅಂತ ಹೇಳು. ಜನ ಪಾಪ ಅನ್ನಲಿ. ಹರಿದು ಹೋಗಲಿ.” ಅವತ್ತು ಅದನ್ನು ಯಾರೂ ಹೇಳಲಿಲ್ಲ, ನನ್ನಿಂದಾಗಿ. ಮಾಮನ ವರ್ಷದ ದಿನ ಹೇಳಬಹುದೇ ಎಂದು ಹಿರಿಯರನ್ನು ಕೇಳಿ ನೋಡಿ. ಹೇಳುವುದಾದರೆ ಅವರ ಹೆಸರಿನಲ್ಲಿ ಎರಡು ವಾರ ಎಂದಷ್ಟೇ ಹೇಳಿ. ಅವರು ನನ್ನನ್ನು ಕೇಳಿದ್ದು ಅಷ್ಟೇ. ಉಳಿದ ಆರು ವಾರ ನನ್ನದು.