ಎಡಗೈಯ ಐದು ಉಗುರು

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಸಂಜೆ

ಮನೆಯೊಡತಿಗೆ ಮನೆ ಕಾಯುವವನ ಪ್ರೀತಿಯ ನೆನಪುಗಳು.

ನೀನು ಹೇಗಿದ್ದೀಯ? ಅತ್ತೆಯವರ ಮಂಡಿ ಈಗ ಮಡಿಸಲು ಬರುತ್ತದೆಯೇ, ಇಲ್ಲ ಅವರಂತೆಯೇ ಅದೂ ಯಾರಿಗೂ ಬಗ್ಗುವುದಿಲ್ಲವೇ? (ಇದನ್ನು ಅವರಿಗೆ ಓದಿ ಹೇಳಬೇಡ.) ಆಸ್ಪತ್ರೆಯ ಬೆಂಚಿನಲ್ಲಿ ಮಲಗಿ ನಿನ್ನ ಬೆನ್ನು ಹಾಳು ಮಾಡಿಕೊಳ್ಳಬೇಡ. ಇಲ್ಲಿ ಒಲೆಗೂ ನನಗೂ ರಾಜಿಯಾಗಿದೆ. ಅದು ಸುಡುತ್ತದೆ, ನಾವು ತಿನ್ನುತ್ತೇವೆ. ನನ್ನ ಪ್ರಾಸದ ಚಟ ಬಿಟ್ಟಿಲ್ಲ, ನಿನ್ನ ತ್ರಾಸ ತಪ್ಪಿಲ್ಲ. ದಿನವೂ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಅನ್ನುತ್ತೀಯ. ಕೆಲವನ್ನು ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಚಿನಕುರುಳಿ ಮಗಳು ಶಾಲೆಯ ನಾಟಕದಲ್ಲಿ ರಾಣಿಯಾಗುತ್ತಾಳೆಂದು ನೀನು ಉಗುರಿನ ಸ್ಟಿಕ್ಕರ್ ಪೊಟ್ಟಣ ಕೊಡಿಸಿ ಹೋಗಿದ್ದೆಯಲ್ಲ. ಬಣ್ಣ ಬಳಿಯುವ ಗೋಜಿಲ್ಲ, ಬಿಡಿಸಿ ಅಂಟಿಸಿದರಾಯಿತು. ನಿನ್ನೆ ತಾಲೀಮಿಗೆ ಹೊರಟವಳು, “ಬಂದ್ಮೇಲೆ ನೀನೇ ಅಂಟಿಸ್ಕೊಡಪ್ಪ, ಗುಳ್ಳೆ ಏಳಬಾರ್ದು” ಎಂದು ಓಡಿದಳು. ಯಾರಿಗೆ ಹೇಳುವ ಮಾತು! ಊರಿನ ಅರ್ಧ ಅಂಗಡಿಗಳ ಗಾಜಿಗೆ ಸ್ಟಿಕ್ಕರ್ ಅಕ್ಷರ ಅಂಟಿಸಿದವನು ನಾನು.

ಕಸುಬಿನ ಅಭ್ಯಾಸ ನಿನಗೆ ಗೊತ್ತು, ಹೊಸ ಹಾಳೆ ಬಂದರೆ ಮೊದಲು ಎಲ್ಲಾದರೂ ಒಂದು ಚೂರು ಅಂಟಿಸಿ ನೋಡಬೇಕು. ನನ್ನ ಎಡಗೈ ಹೆಬ್ಬೆರಳನ್ನೇ ಹಿಡಿದೆ. ಸ್ಪಿರಿಟ್ಟಿನಲ್ಲಿ ಒರೆಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿ, ಗಾಜಿಗೆ ಮಾಡುವಂತೆ ಬಿಸಿಗಾಳಿಯನ್ನೂ ಹಾಯಿಸಿದೆ. ದಾಳಿಂಬೆ ಬಣ್ಣ, ಒಂದೂ ಗುಳ್ಳೆಯಿಲ್ಲ. ನೋಡಲು ಅದೊಂದು ಸಾಕಿತ್ತು. ಆದರೆ ಐದೂ ಬೆರಳಿಗೆ ಅಂಟಿಸಿದೆ ಕಣೇ. ಕಿಟಕಿಯ ಬೆಳಕಿಗೆ ಹಿಡಿದು ಆಚೆ ಈಚೆ ತಿರುಗಿಸಿದೆ. ಚೆನ್ನಾಗಿ ಕಂಡಿತು. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಅಷ್ಟರಲ್ಲಿ ಕನ್ನಡಕದಂಗಡಿ ಸಾಹುಕಾರ ತನ್ನ ಭಾಮೈದನನ್ನೂ ಕಟ್ಟಿಕೊಂಡು ಬೋರ್ಡಿನ ಮಾದರಿ ನೋಡಲು ಸೀದಾ ಒಳಗೇ ಬಂದ. ಸ್ಟಿಕ್ಕರ್ ಕೀಳಲು ಹೋದೆ, ಬಿಸಿಗೆ ಉಗುರನ್ನು ಕಚ್ಚಿ ಹಿಡಿದಿತ್ತು. ಕೈಯನ್ನು ಜೇಬಿಗೆ ತುರುಕಿದೆ. ಮಾದರಿ ಹಾಳೆ ಬಿಡಿಸಿ ಹಿಡಿಯಲು ಎರಡೂ ಕೈ ಬೇಕಾಯಿತು. “ಏನಯ್ಯಾ, ಹೆಂಡ್ತಿ ಅತ್ಲಾಗ್ ಹೋದ್ಲು, ನೀನ್ ಇತ್ಲಾಗ್ ಸಿಂಗಾರಕ್ಕೆ ಕೂತ್ಯಾ?” ಎಂದು ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಬಳೆ ಅಳತೆ ಎಷ್ಟು ಸಾರ್?” ಎಂದ ಭಾಮೈದ. ಅದೇ ಗಳಿಗೆಗೆ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. “ಎಲ್ಲಾ ಇವಳದೇ ಕಿತಾಪತಿ, ಬೆಳಿಗ್ಗೆ ಮಲಗಿದ್ದಾಗ ಅಂಟಿಸಿಬಿಟ್ಟಿದ್ದಾಳೆ” ಎಂದೆ. ಅವರು ನಂಬಲೆಂದು ಅವಳನ್ನು ಗದರಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಗದರಿದೆ.

ಅವರು ಹೋದ ಮೇಲೆ ಅವಳು ಉಳಿದ ಹಾಳೆಗಳನ್ನು ಪೊಟ್ಟಣಕ್ಕೆ ತುಂಬಿ ನಿನ್ನ ಕಪಾಟಿನಲ್ಲಿಟ್ಟಳು. ಅಂಟಿಸಿಕೊಡು ಎಂದು ಕೇಳಲಿಲ್ಲ. ಅಂಟಿಸಿಕೊಡಲೇ ಎಂದು ನಾನೂ ಕೇಳಲಿಲ್ಲ.

ಅತ್ತೆಯವರಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಸ್ಟಿಕ್ಕರ್ ರಾಯ

ತಾ.ಕ.: ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ನಾನು ಗದರಿದಾಗ ಅವಳು ನನ್ನ ಉಗುರು ನೋಡಿದಳು, ಅವರಿಬ್ಬರ ಮುಖ ನೋಡಿದಳು. ಆಮೇಲೆ, “ಹೌದು, ನಾನೇ ಅಂಟಿಸಿದ್ದು. ಅಪ್ಪಂಗೆ ಗೊತ್ತೇ ಇರ್ಲಿಲ್ಲ” ಅಂದಳು. ಫೋನಿನಲ್ಲಿ ನಿನಗೂ ಹಾಗೆಯೇ ಹೇಳುತ್ತಾಳೆ. ನಂಬಬೇಡ. ಅವಳನ್ನು ಬಯ್ಯಬೇಡ.